ಇಂಟರ್‌ವ್ಯೂನಲ್ಲಿ ತಪ್ಪು ಉತ್ತರ ಕೊಟ್ಟು ಬಂದಿದ್ದೇನೆ, ಈಗ ಮೇಲ್ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ರಾಣೆಬೆನ್ನೂರಿನವಳು. ಎಲೆಕ್ಟ್ರಿಕಲ್‌ನಲ್ಲಿ ಬಿಇ ಮುಗಿಸಿ ಎರಡು ವರ್ಷದಿಂದ ಹುಬ್ಬಳ್ಳಿಯ ಒಂದು ಸಣ್ಣ ಪ್ಯಾನೆಲ್ ಬೋರ್ಡ್ ವರ್ಕ್‌ಶಾಪ್‌ನಲ್ಲಿ ಇದ್ದೇನೆ. ವೈರಿಂಗ್, ಟೆಸ್ಟಿಂಗ್ ಚೆನ್ನಾಗಿ ಬರುತ್ತದೆ. ಪಿಎಲ್‌ಸಿ (ಮಷೀನ್ ನಡೆಸುವ ಕಂಟ್ರೋಲರ್) ಪ್ರೋಗ್ರಾಮಿಂಗ್ ಮಾತ್ರ ಜಾಸ್ತಿ ಮಾಡಿಲ್ಲ. ಕಳೆದ ಬುಧವಾರ ಪೀಣ್ಯದ ಒಂದು ಆಟೊಮೇಷನ್ ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಅರ್ಧ ಗಂಟೆ ಚೆನ್ನಾಗಿಯೇ ಹೋಯಿತು. ಆಮೇಲೆ ಟೆಕ್ನಿಕಲ್ ಮ್ಯಾನೇಜರ್ "ಸ್ಟಾಪ್ ಬಟನ್‌ಗೆ ಎನ್‌ಸಿ ಕಾಂಟ್ಯಾಕ್ಟ್ ಯಾಕೆ ಹಾಕ್ತೀರಿ?" ಎಂದು ಕೇಳಿದರು (ಎನ್‌ಸಿ ಎಂದರೆ ಒತ್ತದಿದ್ದಾಗ ಮುಚ್ಚಿಕೊಂಡಿರುವುದು, ಎನ್‌ಒ ಎಂದರೆ ತೆರೆದಿರುವುದು). "ಹಾಗೇ ಹಾಕೋದು ರೂಢಿ ಸರ್" ಎಂದೆ. "ಹಾಗಾದ್ರೆ ಲ್ಯಾಡರ್‌ನಲ್ಲಿ ಯಾವುದು ಹಾಕ್ತೀರಿ?" ಎಂದರು, ಅಂದರೆ ಪಿಎಲ್‌ಸಿಯ ಪ್ರೋಗ್ರಾಮ್‌ನಲ್ಲಿ. ಅಲ್ಲೂ ಎನ್‌ಸಿ ಎಂದುಬಿಟ್ಟೆ. ಅವರು ನಕ್ಕು, ಅಳತೆಯ ಉಪಕರಣಗಳು ಕಳಿಸುವ 4-20 ಮಿಲಿಆಂಪಿಯರ್ ಸಿಗ್ನಲ್ ಸೊನ್ನೆಯಿಂದ ಯಾಕೆ ಶುರುವಾಗುವುದಿಲ್ಲ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ರಾತ್ರಿ ವಾಪಸ್ ಬರುವಾಗ ಬಸ್ಸಿನಲ್ಲೇ ಎರಡಕ್ಕೂ ಉತ್ತರ ಹುಡುಕಿ ಓದಿದೆ. ಎಷ್ಟು ಸುಲಭ ಇತ್ತು ಎಂದು ಅಳು ಬಂತು.

ಎಚ್‌ಆರ್ "ಒಂದು ವಾರದಲ್ಲಿ ಹೇಳ್ತೀವಿ" ಎಂದಿದ್ದರು. ಇವತ್ತು ಸೋಮವಾರ. ಗೆಳತಿ ಹೇಳುತ್ತಾಳೆ, ನಾವೇ ಮೇಲ್ ಹಾಕಿದರೆ ಬೇಡಿಕೊಂಡ ಹಾಗೆ ಎಂದು. ಯೂಟ್ಯೂಬ್‌ನಲ್ಲಿ 24 ಗಂಟೆಯೊಳಗೆ ಹಾಕಲೇಬೇಕು ಎನ್ನುತ್ತಾರೆ, ಅದಂತೂ ದಾಟಿ ಹೋಯಿತು. ಚಾಟ್‌ಜಿಪಿಟಿ ಕೈಲಿ ಒಂದು ಮೇಲ್ ಬರೆಸಿ ಇಟ್ಟಿದ್ದೇನೆ, ತುಂಬಾ ದೊಡ್ಡ ದೊಡ್ಡ ಮಾತಿದೆ. ನನಗೆ ಕಲಿಯುವ ಆಸೆ ನಿಜವಾಗಿಯೂ ಇದೆ ಮೇಡಂ. ಅದನ್ನು ಹೇಗೆ ತೋರಿಸಲಿ? ಮೂರು ತಿಂಗಳು ಸಂಬಳ ಇಲ್ಲದೆ ಕೆಲಸ ಮಾಡುತ್ತೇನೆ, ಬೇಕಾದರೆ ಬಾಂಡ್ ಬರೆದುಕೊಡುತ್ತೇನೆ ಎಂದು ಸೇರಿಸಲಾ?

ಉತ್ತರ: ಕೊನೆಯ ಸಾಲಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ನೀವು ಇದನ್ನು ಓದುವಷ್ಟರಲ್ಲಿ ಕಳಿಸಿಬಿಟ್ಟೀರಿ ಎಂಬ ಭಯ. ಎರಡನ್ನೂ ಸೇರಿಸಬೇಡಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮೇಲ್ ಮಾತ್ರ ಹಾಕಿ. ಆದರೆ ಚಾಟ್‌ಜಿಪಿಟಿ ಬರೆದದ್ದನ್ನಲ್ಲ.

ನಾನೂ ಪ್ಯಾನೆಲ್ ವೈರಿಂಗ್‌ನಿಂದಲೇ ಬಂದವಳು. ವೈರ್ ತುದಿಗೆ ಫೆರೂಲ್ ಹಾಕಿ ಹಾಕಿ ಬೆರಳು ಊದಿಸಿಕೊಂಡವಳು. ಆಮೇಲೆ ಎಷ್ಟೋ ವರ್ಷ ಮೇಜಿನ ಆ ಕಡೆ ಕೂತು ನಿಮ್ಮಂಥವರಿಗೆ ಇದೇ ಸ್ಟಾಪ್ ಬಟನ್ ಪ್ರಶ್ನೆ ಕೇಳಿದ್ದೇನೆ. ಇದು ನಮ್ಮ ಲೈನಿನಲ್ಲಿ ಎಲ್ಲರೂ ಕೇಳುವ ಹಳೇ ಪ್ರಶ್ನೆ. ಎರಡು ವರ್ಷ ಎಕ್ಸ್‌ಪೀರಿಯೆನ್ಸ್ ಇದ್ದವರೂ ಇದರಲ್ಲಿ ಜಾರುತ್ತಾರೆ. ಆ ಮ್ಯಾನೇಜರ್ ನಕ್ಕಿದ್ದು ನಿಮ್ಮನ್ನು ನೋಡಿ ಎಂದುಕೊಳ್ಳಬೇಡಿ. ಅದೇ ತಪ್ಪನ್ನು ನೂರನೇ ಸಲ ಕೇಳಿದ ನಗು ಅದು.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಅವರು ಯಾಕೆ ಸುಮ್ಮನಿದ್ದಾರೆ ಎನ್ನುವುದು ಒಂದು. ನನ್ನ ಆಸಕ್ತಿ ಅವರಿಗೆ ಹೇಗೆ ಕಾಣಬೇಕು ಎನ್ನುವುದು ಇನ್ನೊಂದು. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ, ಅದನ್ನು ಬೇಗ ಮುಗಿಸೋಣ.

ಐದು ದಿನದಲ್ಲಿ ಎರಡು ದಿನ ವಾರಾಂತ್ಯ. ಅವರು ಕೇಳಿದ ಒಂದು ವಾರ ಇನ್ನೂ ಆಗಿಲ್ಲ. ಆಟೊಮೇಷನ್ ಕಂಪನಿಗಳಲ್ಲಿ ಎಚ್‌ಆರ್ ಒಬ್ಬರೇ ತೀರ್ಮಾನ ಮಾಡುವುದಿಲ್ಲ. ನಿಮ್ಮನ್ನು ಇಂಟರ್‌ವ್ಯೂ ಮಾಡಿದ ಮ್ಯಾನೇಜರ್ ಮಾರನೇ ದಿನವೇ ಯಾವುದೋ ಸೈಟ್‌ನಲ್ಲಿ ಕಮಿಷನಿಂಗ್‌ಗೆ (ಹೊಸ ಮಷೀನ್ ಚಾಲೂ ಮಾಡಲು) ಹೋಗಿರುತ್ತಾರೆ. ಅವರ ಫೀಡ್‌ಬ್ಯಾಕ್ ಬರದೆ ಫೈಲ್ ಅಲ್ಲಾಡುವುದಿಲ್ಲ. ಎಷ್ಟೋ ಸಲ ಹುದ್ದೆಯೇ ಒಂದು ಪ್ರಾಜೆಕ್ಟನ್ನು ನಂಬಿಕೊಂಡಿರುತ್ತದೆ, ಕಸ್ಟಮರ್‌ನಿಂದ ಪಿಒ (ಖರೀದಿ ಆರ್ಡರ್) ಬರುವವರೆಗೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಕಾರಣ ಕೇಳಿದರೆ ನಿಮಗೆ ಬೇಜಾರಾಗಬಹುದು. ಬೇರೊಬ್ಬರಿಗೆ ಆಫರ್ ಕೊಟ್ಟಿರುತ್ತಾರೆ, ಅವರು ಹ್ಞೂಂ ಅನ್ನುವವರೆಗೆ ಎರಡನೆಯವರಿಗೆ ಇಲ್ಲ ಎಂದು ಹೇಳುವುದಿಲ್ಲ. ಆದರೆ ಆ ಮೊದಲನೆಯವರು ಎರಡು ಮೂರು ತಿಂಗಳ ನೋಟಿಸ್ ಪೀರಿಯಡ್‌ನಲ್ಲಿ ಇನ್ನೊಂದು ಆಫರ್ ಹಿಡಿದು ಹೊರಟು ಹೋಗುವುದೂ ನಮ್ಮಲ್ಲಿ ಮಾಮೂಲು. ಆಗ ಯಾರ ಹೆಸರು ನೆನಪಿಗೆ ಬರುತ್ತದೆ? ಫಾಲೋಅಪ್‌ನಿಂದ ಉಪಯೋಗ ಏನಾದರೂ ಇದ್ದರೆ ಅದು ಜಾಸ್ತಿ ಇಲ್ಲೇ. ಬೇಡ ಎಂದು ತೀರ್ಮಾನಿಸಿದ ಕಡೆ ಮೇಲ್ ಹಾಕಿ ಮನಸ್ಸು ತಿರುಗಿಸಿದವರು ನನ್ನ ಅನುಭವದಲ್ಲಿ ಬೆರಳೆಣಿಕೆ. ಹೌದೋ ಅಲ್ಲವೋ ಎಂಬ ಅನುಮಾನದಲ್ಲಿ ಇಟ್ಟವರನ್ನು ಮಾತ್ರ ಒಂದು ಒಳ್ಳೆಯ ಮೇಲ್ ಈಚೆಗೆ ಎಳೆದಿದೆ.

24 ಗಂಟೆ ಮುಹೂರ್ತ ಅಲ್ಲ. ಬರೀ ಥ್ಯಾಂಕ್ಸ್ ಹೇಳುವುದಿದ್ದರೆ ಮಾರನೇ ದಿನವೇ ಚೆಂದ, ಆರನೇ ದಿನಕ್ಕೆ ಅದು ಹಳಸಿರುತ್ತದೆ. ಆದರೆ ಹೇಳಲು ಏನಾದರೂ ಇದ್ದರೆ ಆರನೇ ದಿನವೂ ತಡ ಅಲ್ಲ. ಬೇಡಿಕೊಂಡ ಹಾಗೆ ಕಾಣುತ್ತದಾ ಎಂದರೆ, ಮೇಲ್‌ನಲ್ಲಿ ಬೇಡಿದರೆ ಕಾಣುತ್ತದೆ. ಒಬ್ಬ ಹುಡುಗ ನನಗೆ ಒಂಬತ್ತು ದಿನದಲ್ಲಿ ಏಳು ಮೇಲ್ ಹಾಕಿದ್ದ. "ಮೇಡಂ ಪ್ಲೀಸ್ ಒಂದು ಅವಕಾಶ ಕೊಡಿ, ಏನು ಬೇಕಾದರೂ ಕಲಿಯುತ್ತೇನೆ" ಎಂದು. ಪಾಪ ಅನ್ನಿಸಿತು. ಪಾಪ ಅನ್ನಿಸಿದವರನ್ನು ಕಸ್ಟಮರ್ ಸೈಟಿಗೆ ಕಳಿಸಲು ಧೈರ್ಯ ಬರುವುದಿಲ್ಲ ನೋಡಿ.

ಇನ್ನು "ಕಲಿಯುವ ಆಸೆ ಇದೆ" ಎಂಬ ಮಾತು. ಇದನ್ನು ಆ ಕಡೆ ಕೂತವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ಯಾರೂ ಹೇಳಿಕೊಡುವುದಿಲ್ಲ. ಫ್ರೆಷರ್ ಹೇಳಿದರೆ ಪರವಾಗಿಲ್ಲ, ಅವರ ಹತ್ತಿರ ಹೇಳಲು ಬೇರೇನೂ ಇರುವುದಿಲ್ಲ. ಎರಡು ವರ್ಷ ದುಡಿದವರು ಹೇಳಿದರೆ ಎರಡು ಯೋಚನೆ ಬರುತ್ತದೆ. ಇಷ್ಟು ದಿನ ಯಾಕೆ ಕಲಿಯಲಿಲ್ಲ ಎಂಬುದು ಒಂದು. ನಮ್ಮ ಖರ್ಚಿನಲ್ಲಿ ಆರು ತಿಂಗಳು ಕಲಿತು ಏಳನೇ ತಿಂಗಳು ಗೇಟ್ ದಾಟಿ ಹೋಗುತ್ತಾರೆ ಎಂಬುದು ಇನ್ನೊಂದು. ಸಣ್ಣ ಕಂಪನಿಗಳಿಗೆ ಇದು ನಿಜವಾದ ಗಾಯ. ನಾನೇ ಕೈಹಿಡಿದು ಕಲಿಸಿದ ಮೂವರು ಒಂದೇ ವರ್ಷದಲ್ಲಿ ಬಿಟ್ಟು ಹೋದಾಗ ನನ್ನ ಬಾಸ್ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಹಾಗಾಗಿ ಆ ಪದ ಎಷ್ಟು ಜೋರಾಗಿ ಹೇಳಿದರೆ ಅಷ್ಟು ಭಯ ಹುಟ್ಟಿಸುತ್ತದೆ. ಜೊತೆಗೆ ಸಂಬಳದ ಮಾತು ಬಂದಾಗ "ನೀವೇ ಕಲೀಬೇಕು ಅಂದ್ರಲ್ಲ" ಎಂದು ಅದೇ ಮಾತನ್ನು ನಿಮ್ಮ ಮೇಲೆ ತಿರುಗಿಸುತ್ತಾರೆ.

ಆ ಪದವೇ ಬೇಡ. ಇಂಟರ್‌ವ್ಯೂ ಆದ ಮೇಲೆ, ಯಾರೂ ಹೇಳದೆ, ಅವರ ಒಂದು ಪೈಸೆ ಖರ್ಚಿಲ್ಲದೆ ನೀವು ಏನು ಕಲಿತಿರಿ ಎಂಬುದು ಕಾಣಬೇಕು. ನಿಮ್ಮ ಹತ್ತಿರ ಅದು ಅರ್ಧ ಆಗಲೇ ಇದೆ. ಬಸ್ಸಿನಲ್ಲಿ ಓದಿದ್ದೀರಿ. ಇನ್ನರ್ಧ ಮಾಡಿ ನೋಡುವುದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಆ ಎರಡು ಪ್ರಶ್ನೆಗಳಲ್ಲಿ ಒಂದು ಸ್ವಾರಸ್ಯ ಇದೆ, ನಿಮ್ಮ ಪತ್ರ ನೋಡಿದರೆ ಅದು ನಿಮಗೆ ಇನ್ನೂ ಹೊಳೆದ ಹಾಗಿಲ್ಲ. ಸ್ಟಾಪ್ ಬಟನ್‌ಗೆ ಎನ್‌ಸಿ ಹಾಕುವುದು ರೂಢಿಗಲ್ಲ. ಮಷೀನ್ ಸರಿಯಾಗಿದ್ದಾಗ ಆ ಕಾಂಟ್ಯಾಕ್ಟ್ ಮುಚ್ಚಿಕೊಂಡೇ ಇರುತ್ತದೆ, 24 ವೋಲ್ಟ್ ಪಿಎಲ್‌ಸಿ ಇನ್‌ಪುಟ್‌ಗೆ ಬರುತ್ತಲೇ ಇರುತ್ತದೆ. ಬಟನ್ ಒತ್ತಿದರೂ ವೋಲ್ಟೇಜ್ ಹೋಗುತ್ತದೆ, ಇಲಿ ವೈರ್ ಕಡಿದರೂ ಹೋಗುತ್ತದೆ. ಎರಡರಲ್ಲೂ ಮೋಟಾರ್ ನಿಲ್ಲುತ್ತದೆ. ಎನ್‌ಒ ಹಾಕಿದ್ದರೆ ವೈರ್ ತುಂಡಾದದ್ದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ, ಕೈ ಸಿಕ್ಕಿಹಾಕಿಕೊಂಡಾಗ ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಇನ್ನು ಲ್ಯಾಡರ್. ಇನ್‌ಪುಟ್‌ಗೆ ಯಾವಾಗಲೂ 1 ಬರುತ್ತಿರುವುದರಿಂದ ಪ್ರೋಗ್ರಾಮ್‌ನಲ್ಲಿ ಎನ್‌ಒ ಹಾಕಬೇಕು. ಅಲ್ಲೂ ಎನ್‌ಸಿ ಹಾಕಿದರೆ ಮೋಟಾರ್ ಸ್ಟಾರ್ಟೇ ಆಗುವುದಿಲ್ಲ.

ಈಗ 4-20 ನೋಡಿ. ಟ್ಯಾಂಕ್‌ನಲ್ಲಿ ಲೆವೆಲ್ ಟ್ರಾನ್ಸ್‌ಮಿಟರ್ ಇದೆ, ಖಾಲಿ ಟ್ಯಾಂಕ್‌ಗೆ 4, ತುಂಬಿದ್ದಕ್ಕೆ 20 ಮಿಲಿಆಂಪಿಯರ್. ವೈರ್ ತುಂಡಾದರೆ ಸೊನ್ನೆ ಬರುತ್ತದೆ, ಸೊನ್ನೆ ಬಂತು ಎಂದರೆ ಏನೋ ಕೆಟ್ಟಿದೆ ಎಂದು ಪಿಎಲ್‌ಸಿಗೆ ಗೊತ್ತಾಗುತ್ತದೆ. ಅಳತೆ ಸೊನ್ನೆಯಿಂದಲೇ ಶುರುವಾಗಿದ್ದರೆ? ವೈರ್ ತುಂಡಾಗಿದ್ದನ್ನು ಟ್ಯಾಂಕ್ ಖಾಲಿ ಎಂದುಕೊಂಡು ಪಂಪ್ ಆನ್ ಮಾಡಿ, ನೀರು ಉಕ್ಕಿ ನೆಲವೆಲ್ಲ ಹರಿದಿರುತ್ತದೆ. ಎರಡು ವೈರಿನ ಟ್ರಾನ್ಸ್‌ಮಿಟರ್ ಬದುಕಿರಲು ಆ 4 ಮಿಲಿಆಂಪಿಯರ್ ಬೇಕು ಎಂಬ ಕಾರಣವೂ ಇದೆ. ಆದರೆ ಆ ಮ್ಯಾನೇಜರ್ ಒಂದರ ಹಿಂದೆ ಒಂದು ಕೇಳಿದ್ದು ನೋಡಿದರೆ ಅವರ ಪ್ರಶ್ನೆ ಒಂದೇ ಅನ್ನಿಸುತ್ತದೆ: ವೈರ್ ತುಂಡಾದರೆ ಏನಾಗುತ್ತದೆ ಎಂದು ನೀವು ಯೋಚಿಸುತ್ತೀರಾ? ಎರಡನೇ ಪ್ರಶ್ನೆ ನಿಮ್ಮನ್ನು ಸಿಕ್ಕಿಸಲು ಅಲ್ಲ, ಮೊದಲನೆಯದರಲ್ಲಿ ಜಾರಿದವರಿಗೆ ಕೈ ಕೊಟ್ಟದ್ದು ಇರಬೇಕು.

ಈ ಸಂಬಂಧ ಹಿಡಿದು ಒಂದು ಸಾಲು ಬರೆದರೆ ಅದರ ತೂಕ ನಿಮ್ಮ ಚಾಟ್‌ಜಿಪಿಟಿ ಮೇಲ್‌ನ ಅಷ್ಟೂ ಸಾಲಿಗಿಂತ ಜಾಸ್ತಿ. ಆದರೆ ನಾನು ಹೇಳಿದ್ದನ್ನು ಹಾಗೇ ಬರೆದು ಕಳಿಸಬೇಡಿ, ಮಾಡಿ ನೋಡಿ ಕಳಿಸಿ. ಸೀಮೆನ್ಸ್‌ನ ಪಿಎಲ್‌ಸಿ ಸಾಫ್ಟ್‌ವೇರ್ ಟಿಐಎ ಪೋರ್ಟಲ್ 21 ದಿನ ಟ್ರಯಲ್‌ಗೆ ಸಿಗುತ್ತದೆ, ಲ್ಯಾಪ್‌ಟಾಪ್ ಮಾತ್ರ ಗಟ್ಟಿ ಇರಬೇಕು. ಹಳೇ ಲ್ಯಾಪ್‌ಟಾಪ್ ಆದರೆ ಕೋಡೆಸಿಸ್ ಹಾಕಿಕೊಳ್ಳಿ, ದುಡ್ಡಿಲ್ಲ, ಸಿಮ್ಯುಲೇಷನ್ ಅದರಲ್ಲೇ ಇದೆ. ಸ್ಟಾರ್ಟ್, ಸ್ಟಾಪ್, ಹೋಲ್ಡಿಂಗ್ (ಸ್ಟಾರ್ಟ್ ಬಿಟ್ಟರೂ ಮೋಟಾರ್ ಓಡುತ್ತಿರಲು) ಇಷ್ಟೇ ಇರುವ ಒಂದು ರಂಗ್, ಅಂದರೆ ಲ್ಯಾಡರ್‌ನ ಒಂದು ಮೆಟ್ಟಿಲು, ಬರೆಯಿರಿ. ಮೊದಲು ನೀವು ಇಂಟರ್‌ವ್ಯೂನಲ್ಲಿ ಹೇಳಿದ ಹಾಗೆ, ಆಮೇಲೆ ಸರಿಯಾಗಿ. ಒಂದು ಸಂಜೆಯ ಕೆಲಸ. ನಿಮ್ಮ ವರ್ಕ್‌ಶಾಪ್‌ನಲ್ಲಿ ಪಿಎಲ್‌ಸಿ ಇದ್ದು, ಓನರ್ ಒಪ್ಪಿದರೆ ಇನ್ನೂ ಒಳ್ಳೆಯದು. ಹಾಗೆ ಮಾಡಿದರೆ ಕಸ್ಟಮರ್‌ನ ಪ್ಯಾನೆಲ್ ಫೋಟೊ ಮಾತ್ರ ತೆಗೆದು ಕಳಿಸಬೇಡಿ. ಈಗಿನ ಕಂಪನಿಯ ಗುಟ್ಟು ಹೊರಗೆ ಹಾಕುವವರು ನಾಳೆ ನಮ್ಮದನ್ನೂ ಹಾಕುತ್ತಾರೆ ಎಂದು ಅವರಿಗೆ ಮೊದಲು ಅನ್ನಿಸುವುದೇ ಅದು.

ಮಾಡಿ ನೋಡಿದ ಮೇಲೆ ಬರೆಯುವುದು ಸುಲಭ. ನಾಳೆ ಅಥವಾ ನಾಡಿದ್ದು ಬೆಳಗ್ಗೆ ಕಳಿಸಿ. ಇಂಗ್ಲಿಷ್‌ನಲ್ಲೇ ಬರೆಯಿರಿ, ಅವರು ಅದನ್ನು ಬೇರೆಯವರಿಗೆ ಫಾರ್ವರ್ಡ್ ಮಾಡಬೇಕಾಗಬಹುದು. ಆದರೆ ನೀವು ಮಾತಾಡುವ ಇಂಗ್ಲಿಷ್ ಇರಲಿ. ವಿಷಯ ಇಷ್ಟು ಸಾಕು:

"ನಮಸ್ಕಾರ ಸರ್. ಬುಧವಾರ ಕಂಟ್ರೋಲ್ಸ್ ಎಂಜಿನಿಯರ್ ಹುದ್ದೆಗೆ ನಿಮ್ಮನ್ನು ಭೇಟಿಯಾಗಿದ್ದೆ. ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಸ್ಟಾಪ್ ಬಟನ್‌ಗೆ ಲ್ಯಾಡರ್‌ನಲ್ಲೂ ಎನ್‌ಸಿ ಎಂದು ಹೇಳಿದ್ದೆ, ಅದು ತಪ್ಪು. ಸಿಮ್ಯುಲೇಟರ್‌ನಲ್ಲಿ ಹಾಗೇ ಮಾಡಿ ನೋಡಿದೆ, ಮೋಟಾರ್ ಸ್ಟಾರ್ಟೇ ಆಗಲಿಲ್ಲ. ಎನ್‌ಒ ಹಾಕಿದ ಮೇಲೆ ಆಯಿತು, ಇನ್‌ಪುಟ್ ತೆಗೆದಾಗ ನಿಂತಿತು. 4-20ರ ಪ್ರಶ್ನೆಯೂ ವೈರ್ ತುಂಡಾಗುವುದರ ಬಗ್ಗೆಯೇ ಎಂದು ಆಮೇಲೆ ಅರ್ಥವಾಯಿತು. ಅನಲಾಗ್ ಸ್ಕೇಲಿಂಗ್ ಇನ್ನೂ ಮಾಡಿಲ್ಲ, ಈ ವಾರ ಅದನ್ನು ಹಿಡಿದಿದ್ದೇನೆ. ಸ್ಕ್ರೀನ್‌ಶಾಟ್ ಜೊತೆಗಿದೆ."

ಅಷ್ಟೇ. "ನನ್ನನ್ನು ಪರಿಗಣಿಸಿ" ಬೇಡ. ಕ್ಷಮೆ ಕೇಳುವುದೂ ಬೇಡ, ಗೊತ್ತಿಲ್ಲದಿರುವುದು ಅಪರಾಧ ಅಲ್ಲ. ಕೊನೆಗೆ "ಇನ್ನೂ ಮಾಡಿಲ್ಲ" ಎಂಬ ಸಾಲು ಇದೆಯಲ್ಲ, ಅದನ್ನು ತೆಗೆಯಬೇಡಿ. ಎಲ್ಲ ಬರುತ್ತದೆ ಎನ್ನುವವರಿಗಿಂತ ಇಷ್ಟು ಬರುತ್ತದೆ, ಇದು ಬರುವುದಿಲ್ಲ ಎಂದು ಗೆರೆ ಎಳೆಯುವವರ ಮೇಲೆ ನಮಗೆ ನಂಬಿಕೆ ಜಾಸ್ತಿ. ಮ್ಯಾನೇಜರ್ ಮೇಲ್ ಐಡಿ ನಿಮ್ಮ ಹತ್ತಿರ ಇಲ್ಲದಿದ್ದರೆ ಎಚ್‌ಆರ್‌ಗೆ ಕಳಿಸಿ, ಅವರಿಗೆ ತಲುಪಿಸಿ ಎಂದು ಕೇಳಿ. ಎಲ್ಲಿಂದಲೋ ಅವರ ನಂಬರ್ ಹುಡುಕಿ ವಾಟ್ಸ್ಆ್ಯಪ್ ಮಾಡಬೇಡಿ. ಅವರೇ ನಂಬರ್ ಕೊಟ್ಟಿದ್ದರೆ ಆ ಮಾತು ಬೇರೆ.

ಇದರಲ್ಲಿ ಅಪಾಯ ಇಲ್ಲವೇ? ಇದೆ. ಅವರು ಗಮನಿಸಿಯೇ ಇಲ್ಲದ ತಪ್ಪನ್ನು ನೀವೇ ಎತ್ತಿ ತೋರಿಸಿದಂತಾಗಬಹುದು. ನಿಮ್ಮ ವಿಷಯದಲ್ಲಿ ಅವರು ನಕ್ಕಿದ್ದಾರೆ, ಅಂದರೆ ಗಮನಿಸಿದ್ದಾರೆ, ಹಾಗಾಗಿ ತೊಂದರೆ ಇಲ್ಲ. ಬೇರೆ ಸಣ್ಣಪುಟ್ಟ ಎಡವಟ್ಟು ಆಗಿದ್ದರೆ ಅದನ್ನೆಲ್ಲ ಕೆದಕಬೇಡಿ. ದೊಡ್ಡ ಅಪಾಯ ಇನ್ನೊಂದು. ತಿದ್ದಿದ ಉತ್ತರ ಕಳಿಸಿದವರಿಗೆ ಫೋನ್ ಬಂದರೆ ಮೊದಲ ಪ್ರಶ್ನೆ ಅದರ ಮೇಲೇ. ಒಬ್ಬರು ನನಗೆ ಪಿಐಡಿ ಕಂಟ್ರೋಲ್‌ನ ಟ್ಯೂನಿಂಗ್ ಬಗ್ಗೆ ಒಂದೂವರೆ ಪುಟ ಕಳಿಸಿದ್ದರು. ಓದಿ ಖುಷಿಯಾಗಿ ಫೋನ್ ಮಾಡಿದೆ. ಅದರ ಇಂಟೆಗ್ರಲ್ ಭಾಗ ಜಾಸ್ತಿ ಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. ಆ ಕಡೆ ಮೌನ. ಕೀಬೋರ್ಡ್ ಟಕಟಕ ಕೇಳಿಸಿತು. ಮೇಲ್ ಹಾಕದಿದ್ದರೆ ಅವರು ಕನಿಷ್ಠ ಲಿಸ್ಟ್‌ನಲ್ಲಿ ಇರುತ್ತಿದ್ದರು.

ಕೋರ್ಸ್ ಸೇರಿದ್ದೇನೆ ಎಂದು ಬರೆಯುವವರೂ ಇದ್ದಾರೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪಾಠ ನೋಡಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಖಂಡಿತ ನೋಡಿ, ನಿಮಗೆ ಉಪಯೋಗ ಆಗುತ್ತದೆ. ಆದರೆ ಸೇರಿದ್ದು ಸುದ್ದಿ ಅಲ್ಲ. ಜಿಮ್‌ಗೆ ದುಡ್ಡು ಕಟ್ಟಿದ ಹಾಗೆ ಅದು.

ಈಗ ಆ ಎರಡು ವಿಷಯ. ಸಂಬಳ ಇಲ್ಲದೆ ಮೂರು ತಿಂಗಳು. ಈ ಮಾತನ್ನು ಒಳ್ಳೆಯ ಕಂಪನಿ ಒಪ್ಪುವುದಿಲ್ಲ, ಒಪ್ಪುವ ಕಂಪನಿ ಒಳ್ಳೆಯದಲ್ಲ. ಕಲಿಯಲೆಂದೇ ಬರುವ ಅಪ್ರೆಂಟಿಸ್‌ಗೂ ಸ್ಟೈಪೆಂಡ್ ಕೊಡಬೇಕು ಎಂದು 1961ರ ಅಪ್ರೆಂಟಿಸ್ ಕಾಯ್ದೆ ಹೇಳುತ್ತದೆ. ನೀವು ಎರಡು ವರ್ಷ ಕೆಲಸ ಮಾಡಿದವರು. ಸೊನ್ನೆಯಿಂದ ಶುರು ಮಾಡುತ್ತೇನೆ ಎಂದರೆ ನಾಲ್ಕನೇ ತಿಂಗಳು ನಿಮ್ಮ ಸಂಬಳ ಎಲ್ಲಿಂದ ಶುರುವಾಗುತ್ತದೆ ಯೋಚಿಸಿ. ಮೇಲಾಗಿ ಸೈಟ್‌ನಲ್ಲಿ ಏನಾದರೂ ಅನಾಹುತ ಆದರೆ, ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದವರನ್ನು ಯಾರು ನೋಡಿಕೊಳ್ಳುತ್ತಾರೆ? ಕರೆಂಟ್ ಕೆಲಸ ನಮ್ಮದು, ತಮಾಷೆ ಅಲ್ಲ.

ಬಾಂಡ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಚೆನ್ನಾಗಿ ಬೇರೂರಿದೆ. "ಅದು ಸುಮ್ನೆ ಕಾಗದ, ಕೋರ್ಟ್‌ನಲ್ಲಿ ನಿಲ್ಲಲ್ಲ" ಎಂದು. ಹಾಗಿಲ್ಲ. ವಿಜಯಾ ಬ್ಯಾಂಕ್‌ನ ಒಂದು ಪ್ರಕರಣದಲ್ಲಿ ಮೂರು ವರ್ಷ ಮುಗಿಸದೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕ್, ನೇಮಕಾತಿಗೆ ಅವರು ಮಾಡುವ ಖರ್ಚಿನ ಲೆಕ್ಕ ಬೇರೆ. ಬಾಂಡ್‌ನಲ್ಲಿ ಎಷ್ಟೇ ಬರೆದಿದ್ದರೂ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನೇ ಕೊಡಿಸಬಹುದು ಎಂಬುದು 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 74ನೇ ಸೆಕ್ಷನ್. ಅಂದರೆ ಪೂರ್ತಿ ಹೆದರಬೇಕಾಗಿಲ್ಲ, ಪೂರ್ತಿ ಅಲಕ್ಷ್ಯವೂ ಮಾಡುವ ಹಾಗಿಲ್ಲ. ಅವರೇ ಕೇಳಿದಾಗ ಓದಿ, ಎಷ್ಟು ತಿಂಗಳು, ಎಷ್ಟು ಹಣ, ಬದಲಿಗೆ ಯಾವ ಟ್ರೇನಿಂಗ್ ಎಂದು ಕೇಳಿ ತೀರ್ಮಾನ ಮಾಡುವ ವಿಷಯ ಅದು. ಕೇಳದೇ ಇದ್ದಾಗ ನೀವೇ ಕುತ್ತಿಗೆ ಒಡ್ಡುವುದು ಯಾಕೆ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ತಿರ ಇರಲಿ ಎಂದರೆ ಕೊಡಬೇಡಿ, ತೋರಿಸಿ ವಾಪಸ್ ತನ್ನಿ. ಟ್ರೇನಿಂಗ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ಕೆಲಸಕ್ಕೆ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ದುಡ್ಡು ಹಾಕಿ ಮೋಸ ಹೋದವರು ಯಾರಾದರೂ ಗೊತ್ತಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ.

ಮೇಲ್ ಹಾಕಿದ ಮೇಲೆ ಒಂದು ವಾರ ಸುಮ್ಮನಿರಿ. ಆಮೇಲೂ ಸುದ್ದಿ ಇಲ್ಲದಿದ್ದರೆ ಎಚ್‌ಆರ್‌ಗೆ ಒಂದೇ ಒಂದು ಫೋನ್. ತಿಂಗಳ ಕೊನೆಯ ಎರಡು ಮೂರು ದಿನ ಬೇಡ, ಪೀಣ್ಯದಲ್ಲಿ ಆಗ ಡಿಸ್ಪ್ಯಾಚ್ ಗಡಿಬಿಡಿ, ಯಾರಿಗೂ ತಲೆ ನೆಟ್ಟಗಿರುವುದಿಲ್ಲ. "ಆಯ್ಕೆ ಮುಗಿಯಿತಾ ಮೇಡಂ, ನಾನು ಇನ್ನೂ ಲಿಸ್ಟ್‌ನಲ್ಲಿ ಇದ್ದೇನಾ?" ಎಂದು ನೇರವಾಗಿ ಕೇಳಿ. ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಹುಬ್ಬಳ್ಳಿಯ ಕೆಲಸ ಮಾತ್ರ ಆಫರ್ ಲೆಟರ್ ಕೈಗೆ ಬರುವವರೆಗೆ ಬಿಡಬೇಡಿ.

ಫೋನ್ ಬಂದರೆ ಅವರ ಮುಂದಿನ ಪ್ರಶ್ನೆ ಯಾವುದು ಎಂದು ನಾನು ಹೆಚ್ಚುಕಮ್ಮಿ ಊಹಿಸಬಲ್ಲೆ, ಆ ಜಾಗದಲ್ಲಿ ಇದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ: "ಸರಿ, ಸ್ಟಾಪ್ ಬಟನ್ ಆಯ್ತು. ಎಮರ್ಜೆನ್ಸಿ ಬಟನ್ ಅನ್ನೂ ಹೀಗೇ ಬರೀ ಪಿಎಲ್‌ಸಿ ಇನ್‌ಪುಟ್‌ಗೆ ಕೊಟ್ಟು ಪ್ರೋಗ್ರಾಮ್‌ನಲ್ಲೇ ನಿಲ್ಲಿಸಿದ್ರೆ ಸಾಕಾ?" ಉತ್ತರ ನಾನು ಹೇಳುವುದಿಲ್ಲ. ನಿಮ್ಮ ವರ್ಕ್‌ಶಾಪ್‌ನಲ್ಲಿ ನಾಳೆ ಯಾವುದಾದರೂ ಪ್ಯಾನೆಲ್ ಬಾಗಿಲು ತೆಗೆದು, ಎಮರ್ಜೆನ್ಸಿಯಿಂದ ಹೊರಟ ವೈರ್ ಹಿಡಿದು ಕಾಂಟ್ಯಾಕ್ಟರ್‌ವರೆಗೆ (ಮೋಟಾರ್‌ಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್) ಹೋಗಿ ನೋಡಿ. ಪಿಎಲ್‌ಸಿ ಹ್ಯಾಂಗ್ ಆದರೆ ಏನಾಗುತ್ತದೆ ಎಂದು ಕೇಳಿಕೊಳ್ಳುತ್ತಾ ನೋಡಿ.